ಕಂಪ್ಯೂಟರ್ ಪ್ರಶ್ನೋತ್ತರ: ನಮ್ಮದೇ ಬಣ್ಣ ಕಾಯಂ ಆಗಿ ಸಿಗಬೇಕಾದರೆ

ಪ್ರಶ್ನೆ: ಶಾಲೆಯ ಲಾಂಛನದ ಕಡುಗೆಂಪು ಬಣ್ಣವನ್ನು ವರ್ಡ್‌ನಲ್ಲಿ 'ಮೋರ್ ಕಲರ್ಸ್' ಮೂಲಕ ಹಾಕುತ್ತೇನೆ. ಹೊಸ ಫೈಲ್‌ನಲ್ಲಿ ಅದು ಮಾಯ. ಪ್ರತಿ ಸಲವೂ ಅಂಕಿ ತುಂಬಬೇಕೇ? – ಶಿಕ್ಷಕಿ, ಶಿರಸಿ

ಉತ್ತರ: ಬೇಡ. ಮೋರ್ ಕಲರ್ಸ್‌ನಲ್ಲಿ ಆರಿಸಿದ್ದು 'ರೀಸೆಂಟ್ ಕಲರ್ಸ್' ಸಾಲಿಗೆ ಹೋಗುತ್ತದೆ, ಅದು ತಾತ್ಕಾಲಿಕ. ಕಾಯಂ ಜಾಗ ಎಂದರೆ ಥೀಮ್, ಅಂದರೆ ಫೈಲ್‌ನ ಬಣ್ಣ, ಅಕ್ಷರ ಶೈಲಿಗಳ ಸಿದ್ಧ ಜೋಡಣೆ. ಖಾಲಿ ಫೈಲ್ ತೆರೆದು ಡಿಸೈನ್ ಟ್ಯಾಬ್‌ನಲ್ಲಿ ಕಲರ್ಸ್ ಒತ್ತಿ, ಕೊನೆಯಲ್ಲಿರುವ 'ಕಸ್ಟಮೈಸ್ ಕಲರ್ಸ್' ಆರಿಸಿ. 12 ಬಣ್ಣಗಳ ಪಟ್ಟಿ ಬರುತ್ತದೆ. 'ಆಕ್ಸೆಂಟ್ 6'ರ ಎದುರು ಮೋರ್ ಕಲರ್ಸ್, ಕಸ್ಟಮ್‌ಗೆ ಹೋಗಿ ನಿಮ್ಮ ಅಂಕಿ ಕೊಡಿ. ಉದಾಹರಣೆಗೆ ಕೆಂಪು 153, ಹಸಿರು 0, ನೀಲಿ 51. ಹೆಕ್ಸ್ (ಅದೇ ಬಣ್ಣವನ್ನು ಆರು ಅಕ್ಷರಗಳಲ್ಲಿ ಹೇಳುವ ಸಂಕೇತ) ಪೆಟ್ಟಿಗೆ ಇದ್ದರೆ 990033. ಹೆಸರಿಟ್ಟು ಸೇವ್ ಮಾಡಿ. ಬಳಿಕ ಅದೇ ಡಿಸೈನ್ ಟ್ಯಾಬ್‌ನ 'ಸೆಟ್ ಆ್ಯಸ್ ಡಿಫಾಲ್ಟ್' ಒತ್ತಿದರೆ ಮುಂದಿನ ಖಾಲಿ ಫೈಲ್‌ಗಳಲ್ಲೆಲ್ಲ ಬಣ್ಣ ಸಿದ್ಧವಾಗಿರುತ್ತದೆ: ಥೀಮ್ ಕಲರ್ಸ್‌ನ ಮೇಲಿನ ಸಾಲಿನ ಕಟ್ಟಕಡೆಯ ಚೌಕ.

ಆಕ್ಸೆಂಟ್ 1 ಅನ್ನು ಮುಟ್ಟದಿರುವುದೇ ಒಳ್ಳೆಯದು. ವರ್ಡ್‌ನ ಸಿದ್ಧ ಶೀರ್ಷಿಕೆ ಶೈಲಿಗಳು ಅದನ್ನೇ ನೆಚ್ಚಿಕೊಂಡಿವೆ. ಅದನ್ನು ಬದಲಿಸಿದರೆ ತಲೆಬರಹಗಳೂ ಕೆಂಪಾಗುತ್ತವೆ. ಇನ್ನೊಂದು ಮಾತು. ಥೀಮ್ ಚೌಕದಿಂದ ಹಾಕಿದ ಬಣ್ಣ ಥೀಮ್ ಬದಲಿಸಿದಾಗ ತಾನೂ ಬದಲಾಗುತ್ತದೆ, ಮೋರ್ ಕಲರ್ಸ್‌ನಿಂದ ಹಾಕಿದ್ದು ಹಾಗೇ ಉಳಿಯುತ್ತದೆ. ಹಳೆಯ ಫೈಲ್‌ಗಳಲ್ಲಿ ಅಂಥದ್ದನ್ನು ಕೈಯಾರೆ ಬದಲಿಸದೆ ಗತ್ಯಂತರವಿಲ್ಲ.

ಪ್ರಶ್ನೆ: ಲಿಬ್ರೆಆಫೀಸ್‌ನಲ್ಲಿ ಬಣ್ಣಕ್ಕೆ ಹೆಸರಿಟ್ಟು ಸೇರಿಸುವುದು ಎಲ್ಲಿ? ಅಕ್ಷರದ ಬಣ್ಣದ ಪಟ್ಟಿಯಲ್ಲಿ ಆ ಸೌಲಭ್ಯ ಕಾಣುತ್ತಿಲ್ಲ. – ಓದುಗರು, ಹಾಸನ

ಉತ್ತರ: ಅಲ್ಲಿ ಇಲ್ಲ, ಅದನ್ನು ಇಟ್ಟಿರುವ ಜಾಗ ಸ್ವಲ್ಪ ವಿಚಿತ್ರ. ಲಿಬ್ರೆಆಫೀಸ್‌ನ ಬರಹದ ತಂತ್ರಾಂಶವಾದ ರೈಟರ್‌ನಲ್ಲಿ ಒಂದು ಚೌಕ ಬಿಡಿಸಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಏರಿಯಾ ತೆರೆದು ಕಲರ್ ಗುಂಡಿ ಒತ್ತಿ. 'ನ್ಯೂ' ಭಾಗದಲ್ಲಿ ಹೆಕ್ಸ್ ಕೊಟ್ಟು 'ಆ್ಯಡ್' ಒತ್ತಿದರೆ ಹೆಸರು ಕೇಳುತ್ತದೆ. ಚೌಕವನ್ನು ಆಮೇಲೆ ಅಳಿಸಿಬಿಡಿ. ಇನ್ನು ಅಕ್ಷರದ ಬಣ್ಣದ ಪಟ್ಟಿ ತೆರೆದು ಮೇಲ್ಗಡೆಯ ಪ್ಯಾಲೆಟ್ (ಬಣ್ಣಗಳ ಸಂಗ್ರಹ) ಆಯ್ಕೆಯಲ್ಲಿ 'ಕಸ್ಟಮ್' ಎಂದು ಬದಲಿಸಿ. ಬಹಳ ಜನ ಇದನ್ನು ಮರೆತು, ಬಣ್ಣ ಸೇರಲೇ ಇಲ್ಲ ಎಂದುಕೊಳ್ಳುತ್ತಾರೆ. ಈ ಪ್ಯಾಲೆಟ್ ನಿಮ್ಮ ಬಳಕೆದಾರ ಪ್ರೊಫೈಲ್‌ನಲ್ಲಿರುತ್ತದೆ, ಫೈಲ್‌ನಲ್ಲಲ್ಲ. ಸಹೋದ್ಯೋಗಿಯ ಕಂಪ್ಯೂಟರಿನಲ್ಲಿ ಬರಹದ ಬಣ್ಣ ಸರಿಯಾಗಿಯೇ ಕಾಣುತ್ತದೆ, ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ.

ಪ್ರಶ್ನೆ: ಎಕ್ಸೆಲ್ ಹಾಳೆಯನ್ನು ಹಳೆಯ ಎಕ್ಸ್‌ಎಲ್‌ಎಸ್ ರೂಪದಲ್ಲಿ ಉಳಿಸಿದರೆ ಬಣ್ಣಗಳು ಬೇರೆಯೇ ಆಗುತ್ತವೆ. – ಲೆಕ್ಕಿಗರು, ಗದಗ

ಉತ್ತರ: ಆ ರೂಪದಲ್ಲಿ ಒಂದು ವರ್ಕ್‌ಬುಕ್‌ಗೆ 56 ಬಣ್ಣಗಳ ಪ್ಯಾಲೆಟ್ ಮಾತ್ರ. ಅದರಲ್ಲಿಲ್ಲದ್ದಕ್ಕೆ ಹತ್ತಿರದ ಬಣ್ಣ ಬರುತ್ತದೆ. ಸಾಧ್ಯವಿದ್ದರೆ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲೇ ಇಡಿ. ಬೇಕೇಬೇಕೆಂದರೆ ಫೈಲ್, ಆಪ್ಶನ್ಸ್, ಸೇವ್ ಪುಟದ ಕೆಳಗಡೆ 'ಕಲರ್ಸ್' ಗುಂಡಿಯಿದೆ. ಬಳಸದ ಒಂದು ಬಣ್ಣವನ್ನು 'ಮಾಡಿಫೈ' ಮಾಡಿ ನಿಮ್ಮದನ್ನು ಕೂರಿಸಿ. ಈ ಬದಲಾವಣೆ ಆ ವರ್ಕ್‌ಬುಕ್‌ಗಷ್ಟೇ ಅನ್ವಯ.