ಖಾಲಿ ಜಾಗವನ್ನೂ ಬಿಡದ ಸೆನ್ಸಾರ್

‘ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದ್ದು ನಿಜ, ಆದರೆ ಎಲ್ಲರ ಕೈಗೂ ಮೊಬೈಲ್ ಬಂದಿರುವ ಈ ಕಾಲದಲ್ಲಿ ಯಾವ ಸರ್ವಾಧಿಕಾರಿ ತಾನೇ ಸುದ್ದಿಯನ್ನು ಬಚ್ಚಿಡಬಲ್ಲ?’ ಎಂದು ಬಸವನಗುಡಿಯ ಓದುಗರೊಬ್ಬರು ಕೇಳಿದ್ದಾರೆ.

ಈ ಭರವಸೆ ನನಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾಲಯಗಳಿಗೆ ವಿದ್ಯುತ್ ಕಡಿತವಾಯಿತು. ಮರುದಿನ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ ಮತ್ತು ಆಡ್ವಾಣಿಯವರನ್ನು, ಇಂದು ಫ್ರೀಡಂ ಪಾರ್ಕ್ ಆಗಿರುವ ಸೆರೆಮನೆಯಲ್ಲಿ ಇರಿಸಲಾಯಿತು. 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಹೊರಬಂತು. ಏನನ್ನೋ ಕಿತ್ತುಹಾಕಲಾಗಿದೆ ಎಂಬುದು ಓದುಗನಿಗೆ ಥಟ್ಟನೆ ತಿಳಿಯುತ್ತಿದ್ದುದರಿಂದಲೇ ಸರ್ಕಾರ ಮುಂದೆ ಹಾಗೆ ಖಾಲಿ ಬಿಡುವುದಕ್ಕೂ ತಡೆ ಹಾಕಿತು.

ಇಂದಿನ ಸೆನ್ಸಾರ್ ಆ ಗುರುತನ್ನೂ ಉಳಿಸುವುದಿಲ್ಲ. ಚೀನಾದಲ್ಲಿ ನಿಷೇಧಿತ ತಾಣವೊಂದರ ಹೆಸರನ್ನು ಟೈಪ್ ಮಾಡಿದರೆ, ಅದರ ನಿಜವಾದ ವಿಳಾಸ ಬರುವ ಮೊದಲೇ ನಡುದಾರಿಯ ಯಂತ್ರವೊಂದು ಸುಳ್ಳು ವಿಳಾಸವನ್ನು ಕಳುಹಿಸುತ್ತದೆ. ಸಂಪರ್ಕವು ಗೂಢಲಿಪಿಯಲ್ಲಿದ್ದರೂ ತಾಣದ ಹೆಸರು ಸಾಮಾನ್ಯವಾಗಿ ಆರಂಭದಲ್ಲಿ ಬಯಲಾಗಿಯೇ ಹೋಗುವುದರಿಂದ, ಯಂತ್ರ ಅದನ್ನು ಓದಿ, ಎರಡೂ ತುದಿಗಳಿಗೆ ‘ಸಂಪರ್ಕ ಮುಗಿಸಿ’ ಎಂಬ ನಕಲಿ ಸಂದೇಶ ಕಳುಹಿಸಬಲ್ಲದು. ಪರದೆಯ ಮೇಲೆ ಕಾಣುವುದು ಬರೀ ನೆಟ್‌ವರ್ಕ್ ದೋಷ. ಬಳಕೆದಾರ ಇಂಟರ್ನೆಟ್ ಕಂಪನಿಯನ್ನು ಬೈದು ಸುಮ್ಮನಾಗುತ್ತಾನೆ.

ಮೊಬೈಲ್ ನಮ್ಮ ಕೈಯಲ್ಲಿರಬಹುದು, ಆದರೆ ದೇಶದಿಂದ ಹೊರಹೋಗುವ ದಾರಿಗಳು ಬೆರಳೆಣಿಕೆಯ ಸಂಸ್ಥೆಗಳ ಹಿಡಿತದಲ್ಲಿರುತ್ತವೆ. 2011ರ ಜನವರಿಯಲ್ಲಿ ಈಜಿಪ್ಟ್ ಸರ್ಕಾರ ಕಂಪನಿಗಳಿಗೆ ಆದೇಶ ಕೊಟ್ಟು ದೇಶದ ಇಂಟರ್ನೆಟ್ಟನ್ನೇ ಸುಮಾರು ಐದು ದಿನ ನಿಲ್ಲಿಸಿತು. 2019ರ ನವೆಂಬರ್‌ನಲ್ಲಿ ಪೆಟ್ರೋಲ್ ಬೆಲೆ ಏರಿಕೆಯ ವಿರುದ್ಧ ಜನ ಬೀದಿಗಿಳಿದಾಗ ಇರಾನ್ ಇನ್ನೂ ಜಾಣತನ ತೋರಿತು: ದೇಶದೊಳಗಿನ ಜಾಲವನ್ನು ಉಳಿಸಿಕೊಂಡು, ಹೊರಜಗತ್ತಿನ ಸಂಪರ್ಕವನ್ನು ಹೆಚ್ಚುಕಡಿಮೆ ಒಂದು ವಾರ ಕಡಿದುಹಾಕಿತು. ಬೀದಿಯಲ್ಲಿ ಗುಂಡು ಹಾರುತ್ತಿದ್ದ ಆ ದಿನಗಳಲ್ಲಿ, ಅದನ್ನು ಚಿತ್ರೀಕರಿಸಿದವರ ಮೊಬೈಲ್‌ಗಳು ಅವರ ಜೇಬಿನಲ್ಲೇ ಇದ್ದವು.

ಇಂಥ ತಡೆಗಳನ್ನು ಗುಪ್ತ ಸಂಪರ್ಕದ ಮೂಲಕ ದಾಟಿಸುವ ವಿಪಿಎನ್ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ, ಅದನ್ನು ಬಳಸುವ ಧೈರ್ಯವಂತರೂ ಇದ್ದಾರೆ. ಆದರೆ ತನ್ನಿಂದ ಏನನ್ನೋ ಮುಚ್ಚಿಡಲಾಗಿದೆ ಎಂಬ ಅರಿವೇ ಇಲ್ಲದವನು ಅದನ್ನು ಹುಡುಕುವುದಾದರೂ ಏಕೆ? ಇನ್ನು ರಷ್ಯಾದಲ್ಲಿ, ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದವರಿಗೆ 15 ವರ್ಷಗಳವರೆಗೆ ಸೆರೆವಾಸ ವಿಧಿಸುವ ಕಾನೂನು 2022ರ ಮಾರ್ಚ್‌ನಲ್ಲಿ ಬಂದ ಮೇಲೆ, ಓದಿದ್ದನ್ನು ಇನ್ನೊಬ್ಬರಿಗೆ ಕಳುಹಿಸುವುದೇ ಅಪಾಯದ ಕೆಲಸವಾಗಿದೆ.

ನಮ್ಮ ದೇಶವನ್ನು ಆ ಸಾಲಿಗೆ ಸೇರಿಸಲು ನಾನಿದನ್ನು ಬರೆಯುತ್ತಿಲ್ಲ. ಆದರೂ, ಇಂಟರ್ನೆಟ್ ಸ್ಥಗಿತದ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದ್ದರೂ, ಜಾಲತಾಣಗಳನ್ನು ನಿರ್ಬಂಧಿಸುವ 2009ರ ನಿಯಮಗಳು ದೂರು ಮತ್ತು ಕ್ರಮಗಳ ಗೋಪ್ಯತೆಯನ್ನೇ ಬಯಸುತ್ತವೆ. ಆ ಗೋಪ್ಯತೆಯ ನಿಯಮ ಹೋಗಬೇಕು ಎಂಬುದು ಈ ಪತ್ರಿಕೆಯ ನಿಲುವು.