ಯುವಕ ಸಂಘಕ್ಕೆ ಸದಸ್ಯನಾದರೆ ಏನೇನು ಮಾಡಬೇಕಾಗುತ್ತದೆ? ಅದರ ಸರ್ಟಿಫಿಕೇಟಿನಿಂದ ಕೆಲಸಕ್ಕೆ ಉಪಯೋಗವಿದೆಯೇ?

ನೀವು ನಿಮ್ಮ ಬಗ್ಗೆ ಬರೆದದ್ದು ಓದಿದೆ: ಇಪ್ಪತ್ತು ವರ್ಷ, ಶಿಡ್ಲಘಟ್ಟದ ಕಡೆಯ ಹಳ್ಳಿ, ಇನ್ನೂರು ರೂಪಾಯಿ ಪ್ರವೇಶ ಶುಲ್ಕ, ‘ಸೇರಿಕೋ, ನಿನ್ನನ್ನು ಕಮಿಟಿಗೂ ಹಾಕಿಕೊಳ್ಳುತ್ತೇವೆ’ ಎನ್ನುವ ಅಧ್ಯಕ್ಷರು. ಊರಿನ ಹೆಸರನ್ನೂ ಶುಲ್ಕವನ್ನೂ ಬದಲಾಯಿಸಿದರೆ ಇದು 2013ರ ನನ್ನ ಕಥೆ. ನಮ್ಮದು ಚಿಂತಾಮಣಿ ತಾಲ್ಲೂಕು. ಬಿ.ಕಾಂ ಮುಗಿಸಿ, ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆಂದು ಮನೆಯಲ್ಲಿ ಹೇಳಿಕೊಂಡು, ಅಪ್ಪನ ಟೊಮೆಟೊ ತೋಟದಲ್ಲಿ ಅರ್ಧ ಮನಸ್ಸಿನಿಂದ ಕೆಲಸ ಮಾಡುತ್ತಿದ್ದೆ.

ಸೇರುವುದು ಕಷ್ಟವಲ್ಲ. ನಾನು ಸೇರಿದಾಗ ಒಂದು ಅರ್ಜಿ, ಎರಡು ಫೋಟೊ, ನೂರಾ ಒಂದು ರೂಪಾಯಿ, ಆಮೇಲೆ ತಿಂಗಳಿಗೆ ಇಪ್ಪತ್ತು ರೂಪಾಯಿ ಚಂದಾ. ಕಾರ್ಯಕಾರಿ ಸಮಿತಿ ಒಪ್ಪಿದರೆ ಸದಸ್ಯರ ಪುಸ್ತಕದಲ್ಲಿ ಹೆಸರು ಬೀಳುತ್ತದೆ. ನಮ್ಮ ಉಪನಿಯಮದ, ಅಂದರೆ ಸಂಘದ ಸ್ವಂತ ನಿಯಮಾವಳಿಯ ಪ್ರಕಾರ ಮೂರು ತಿಂಗಳ ಚಂದಾ ಬಾಕಿ ಉಳಿಸಿಕೊಂಡವರಿಗೆ ವಾರ್ಷಿಕ ಮಹಾಸಭೆಯಲ್ಲಿ ಮತವಿಲ್ಲ. ಉಪನಿಯಮ ಎಂಬುದೊಂದು ಇದೆ ಎಂದು ನನಗೆ ತಿಳಿದದ್ದೇ ಎರಡು ವರ್ಷದ ನಂತರ, ಆ ಮಾತು ಬೇರೆ.

ಮೊದಲ ವರ್ಷ ನಿಜಕ್ಕೂ ಚೆನ್ನಾಗಿತ್ತು. ಜನವರಿ 12ರಂದು ವಿವೇಕಾನಂದರ ಜಯಂತಿಗೆ ಶಾಲೆಯ ಮುಂದೆ ಧ್ವಜದ ಕಟ್ಟೆ ಸುಣ್ಣ ಕಂಡಿತು. ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಗಳ ಕೆರೆಗಳಿಗೆ ಬರುವುದಕ್ಕೆ ಮುಂಚಿನ ಕಾಲ ಅದು. ನಮ್ಮೂರ ಕೆರೆಯಂಗಳ ಜಾಲಿ ಕಾಡಾಗಿತ್ತು. ನಾಲ್ಕು ಭಾನುವಾರ ಶ್ರಮದಾನ ಮಾಡಿ ಕಟ್ಟೆಯ ಮೇಲಿನ ಜಾಲಿಯನ್ನಾದರೂ ಕಡಿದೆವು. ಮುಳ್ಳು ಚುಚ್ಚಿದ ಕಾಲನ್ನು ಊರಿನವರಿಗೆಲ್ಲ ತೋರಿಸಿಕೊಂಡು ಓಡಾಡಿದ್ದೆ. ರಕ್ತದಾನ ಶಿಬಿರದಲ್ಲಿ ನನ್ನ ತೂಕ ನಲವತ್ತೈದು ಕಿಲೋ ದಾಟಿದೆಯೇ ಎಂದು ಎರಡು ಸಲ ತೂಗಿದರು, ಸ್ನೇಹಿತರು ಇವತ್ತಿಗೂ ಅದನ್ನು ಮರೆತಿಲ್ಲ. ಸದಸ್ಯತ್ವ ಎಂದರೆ ಇಷ್ಟೇ ಆಗಿದ್ದರೆ ಈ ಉತ್ತರ ಬರೆಯುವ ಅಗತ್ಯವೇ ಇರಲಿಲ್ಲ.

ಮರುವರ್ಷ ನನ್ನನ್ನು ಖಜಾಂಚಿ ಮಾಡಿದರು. ಕಾರಣ, ಬಿ.ಕಾಂ. ‘ಲೆಕ್ಕ ಓದಿದವನು’ ಎಂದರು. ನಾನು ಉಬ್ಬಿದೆ. ಸಂಘದ ಹತ್ತಿರ ಆಗ ನೂರು ಕುರ್ಚಿ, ಎರಡು ಶಾಮಿಯಾನ, ಅಡುಗೆಯ ದೊಡ್ಡ ಪಾತ್ರೆಗಳು ಇದ್ದವು. ಮದುವೆ, ನಾಮಕರಣ, ತಿಥಿಗೆ ಬಾಡಿಗೆಗೆ ಹೋಗುತ್ತಿದ್ದವು. ಆ ಬಾಡಿಗೆಯ ಹಣವನ್ನು ಬರೆದಿಡುವುದೇ ಖಜಾಂಚಿಯ ಕೆಲಸ ಎಂದುಕೊಂಡಿದ್ದೆ.

ಈಗ ಖಜಾಂಚಿಯಾಗಿ ನಾನು ಹಾಕಿದ ಒಂದು ಸಹಿಯ ವಿಷಯ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

2014ರ ಗೌರಿ ಹಬ್ಬದ ಸಂಜೆ. ಮಾರನೆಯ ದಿನ ಬೆಳಗಿನ ಜಾವ ಮಾರುಕಟ್ಟೆಗೆ ಹೋಗಬೇಕಿದ್ದ ಟೊಮೆಟೊವನ್ನು ಹದಿನೈದು ಕಿಲೋ ಕ್ರೇಟುಗಳಿಗೆ ತುಂಬುತ್ತಿದ್ದೆ. ಅಧ್ಯಕ್ಷರು ಬೈಕಿನಲ್ಲಿ ತೋಟಕ್ಕೇ ಬಂದರು, ಕಂಕುಳಲ್ಲಿ ಸಭೆಯ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕ. ‘ಸಂತಕಂ ಪೆಟ್ಟು’ ಎಂದರು, ಸಹಿ ಹಾಕು ಎಂದರ್ಥ. ಆಂಧ್ರ ಗಡಿ ಕಡೆಯವರಿಗೆ ಹೇಳಬೇಕಾಗಿಲ್ಲ, ನಮ್ಮ ಸಭೆಗಳು ನಡೆಯುವುದು ತೆಲುಗಿನಲ್ಲಿ, ಬರೆಯುವುದು ಕನ್ನಡದಲ್ಲಿ. ಆಡಿದ ಮಾತಿಗೂ ಬರೆದ ಮಾತಿಗೂ ನಡುವೆ ಒಂದು ಓಣಿಯಷ್ಟು ಜಾಗ ಯಾವಾಗಲೂ ಇರುತ್ತಿತ್ತು. ‘ಗಣೇಶನ ಹಬ್ಬದ ಖರ್ಚಿನ ಸಭೆಯದ್ದು, ಠರಾವನ್ನು ರಾತ್ರಿ ಬರೆದುಕೊಳ್ಳುತ್ತೇನೆ’ ಎಂದರು. ಪುಟದ ಮೇಲ್ಭಾಗದಲ್ಲಿ ಹಾಜರಿದ್ದವರ ಹೆಸರುಗಳಿದ್ದವು, ಕೆಳಗೆಲ್ಲ ಖಾಲಿ. ‘ಸರಿ ಅಣ್ಣ’ ಎಂದು ನನ್ನ ಹೆಸರಿನ ಮುಂದೆ ಸಹಿ ಹಾಕಿದೆ. ಟೊಮೆಟೊ ಗಿಡ ಮುಟ್ಟಿದ ಕೈಗೆ ಹಸಿರುಗಪ್ಪು ಕಲೆ ಹತ್ತುತ್ತದಲ್ಲ, ಹೆಬ್ಬೆರಳಿನ ಆ ಕಲೆ ಸಹಿಯ ಪಕ್ಕದಲ್ಲೇ ಬಿತ್ತು. ಒರೆಸಲು ಹೋಗಿ ಇನ್ನಷ್ಟು ಹರಡಿದೆ.

ನಡಾವಳಿ ಪುಸ್ತಕದ ಪುಟ ಹೇಗಿರಬೇಕು ಎಂದರೆ: ಸಭೆಯ ದಿನಾಂಕ, ಸ್ಥಳ, ಅಧ್ಯಕ್ಷತೆ ಯಾರದ್ದು, ಯಾವ ವಿಷಯ ಚರ್ಚೆಗೆ ಬಂತು, ಏನು ತೀರ್ಮಾನವಾಯಿತು, ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು. ಹಣದ ಮಾತಿದ್ದರೆ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು. ಬರವಣಿಗೆ ಮುಗಿದ ಜಾಗದಲ್ಲಿ ಅಡ್ಡಗೆರೆ ಎಳೆದು, ಅದರ ಕೆಳಗೆ ಸಹಿ. ನಮ್ಮ ಪುಸ್ತಕದಲ್ಲಿ ಹಾಜರಿಯ ಸಹಿ ಮೇಲೆ, ಠರಾವು ಕೆಳಗೆ. ಇದೇ ಮೋಸದ ಬಾಗಿಲು. ಹಾಜರಿಗೆ ಹಾಕಿದ ಸಹಿ, ಕೆಳಗೆ ಯಾರು ಯಾವಾಗ ಏನು ಬರೆದರೂ ಅದಕ್ಕೂ ಒಪ್ಪಿಗೆಯಾಗಿ ಕಾಣುತ್ತದೆ. ಬಿ.ಕಾಂನಲ್ಲಿ ಮೂರು ವರ್ಷ ಲೆಕ್ಕಶಾಸ್ತ್ರ ಓದಿದ ನನಗೆ ಇದು ಹೊಳೆಯಲಿಲ್ಲ. ಚೆಕ್ಕು ಖಾಲಿ ಇದ್ದರೆ ಸಹಿ ಹಾಕುತ್ತಿರಲಿಲ್ಲ. ಪುಸ್ತಕ ಎಂದು ಹಾಕಿದೆ.

ಮುಂದಿನ ಏಪ್ರಿಲ್‌ನಲ್ಲಿ, ಬೆಳಿಗ್ಗೆ ಆರು ಗಂಟೆಗೆ, ಪಕ್ಕದ ಊರಿನ ಬಡ್ಡಿ ವ್ಯವಹಾರದವರೊಬ್ಬರು ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದರು. ಕೈಯಲ್ಲಿ ಆ ಪುಟದ ಜೆರಾಕ್ಸ್. ಸಂಘದ ಕೊಠಡಿಯ ದುರಸ್ತಿಗೆ ಅರವತ್ತು ಸಾವಿರ ಕೈಸಾಲ ಪಡೆಯುವುದೆಂದೂ, ತೀರಿಸುವ ಹೊಣೆ ಖಜಾಂಚಿಯವರದೆಂದೂ ಅದರಲ್ಲಿ ಬರೆದಿತ್ತು. ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ, ಎಂಟು ತಿಂಗಳಿಗೆ ಹದಿನಾಲ್ಕು ಸಾವಿರದ ನಾನೂರು. ‘ಇದು ನನ್ನ ಸಹಿಯಲ್ಲ’ ಎನ್ನಲು ಬಾಯಿ ತೆರೆದೆ. ಜೆರಾಕ್ಸಿನಲ್ಲಿ ನನ್ನ ಹೆಬ್ಬೆರಳಿನ ಕಲೆ ಕಪ್ಪಗೆ ಮೂಡಿತ್ತು.

ಅಧ್ಯಕ್ಷರು ಕಳ್ಳರಾಗಿದ್ದರು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಹಣದಲ್ಲಿ ಒಂದಿಷ್ಟು ಗಣೇಶನ ಆರ್ಕೆಸ್ಟ್ರಾಗೆ, ಒಂದಿಷ್ಟು ವಾಲಿಬಾಲ್ ಅಂಗಳದ ದೀಪಕ್ಕೆ ಹೋದದ್ದು ನಿಜ. ಉಳಿದದ್ದಕ್ಕೆ ರಸೀದಿ ಇಲ್ಲ. ಆರ್ಕೆಸ್ಟ್ರಾದ ಮುಂದೆ ನಾನೂ ಕುಣಿದಿದ್ದೆ.

ಚಿಂತಾಮಣಿಯ ವಕೀಲರೊಬ್ಬರು, ಸಂಘದ ಸಾಲಕ್ಕೆ ನೀನು ಸ್ವಂತ ಹಣ ಕಟ್ಟಬೇಕಾಗಿಲ್ಲ, ವಾದಿಸೋಣ ಎಂದರು. ವಾದಿಸಬಹುದಿತ್ತು. ಆದರೆ ದಿನಾ ಬೆಳಿಗ್ಗೆ ಜಗಲಿಯ ಮೇಲೆ ಒಬ್ಬರು ಬಂದು ಕೂರುತ್ತಿದ್ದರೆ ಅಪ್ಪ ಹಾಲಿನ ಡೇರಿಗೆ ತಲೆ ಎತ್ತಿಕೊಂಡು ಹೋಗುವುದು ಹೇಗೆ? ಎಪ್ಪತ್ತು ಸಾವಿರಕ್ಕೆ ಮಾತು ಮುಗಿಯಿತು. ಒಂದು ಸೀಮೆ ಹಸು ಮಾರಿ ನಲವತ್ತೈದು ಬಂತು, ಉಳಿದ ಇಪ್ಪತ್ತೈದು ಅಮ್ಮನ ಚೀಟಿ ಹಣ. ಅಪ್ಪ ನನ್ನನ್ನು ಬೈಯಲಿಲ್ಲ. ಎರಡು ತಿಂಗಳು ಹಾಲು ಕರೆಯುವಾಗ ಖಾಲಿ ಗೂಟದ ಕಡೆ ತಿರುಗಿ ನೋಡುತ್ತಿದ್ದರು, ಅಷ್ಟೇ.

ಕೊನೆಗೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ, ಚಿಕ್ಕಬಳ್ಳಾಪುರಕ್ಕೆ ಹೋದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರದ್ದು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು, ಆದರೆ ಪ್ರತಿ ವರ್ಷ ಮಹಾಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಲೆಕ್ಕಪತ್ರವನ್ನೂ ಸಲ್ಲಿಸಬೇಕು. ನಮ್ಮ ಸಂಘ ಕೊನೆಯ ಬಾರಿ ಪಟ್ಟಿ ಕೊಟ್ಟು ನಾಲ್ಕು ವರ್ಷವಾಗಿತ್ತು. ಕಡತದ ಪ್ರಕಾರ ಖಜಾಂಚಿ, ಬೆಂಗಳೂರಿಗೆ ಹೋಗಿ ಕ್ಯಾಬ್ ಓಡಿಸುತ್ತಿದ್ದ ಬೇರೆ ಹುಡುಗ. ಖಜಾಂಚಿಯೇ ಅಲ್ಲದ ನಾನು ಖಜಾಂಚಿಯ ಸಾಲ ತೀರಿಸಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ನಗು ಬಂತು, ನಂಬಿ.

ಹಾಗಾಗಿ, ನೀವು ಕೇಳಿದ ಪ್ರಶ್ನೆಯೇ ತಪ್ಪು ಎಂದು ನನಗೆ ಅನ್ನಿಸುತ್ತದೆ. ಸರ್ಟಿಫಿಕೇಟು ಬೇಕೆಂದೇ ಸೇರುವುದಾದರೆ ದಯವಿಟ್ಟು ಸೇರಬೇಡಿ. ಯುವಕ ಸಂಘದ ಸದಸ್ಯ ಎಂದು ಅಂಕ ಕೊಟ್ಟ ನೇಮಕಾತಿಯನ್ನು ನಾನಂತೂ ಕಂಡಿಲ್ಲ, ಅರ್ಜಿ ಹಾಕದ ಪರೀಕ್ಷೆಯಿಲ್ಲ. ಅಂಥದ್ದು ಬೇಕಿದ್ದರೆ ಕಾಲೇಜಿನಲ್ಲಿ ಎನ್.ಸಿ.ಸಿ ಇದೆಯೇ ನೋಡಿ. ಸ್ವಯಂಸೇವೆ ಮಾಡಬೇಕು ಎಂದಷ್ಟೇ ಇದ್ದರೆ 2023ರ ಅಕ್ಟೋಬರ್ 31ರಂದು ಶುರುವಾದ, ಕೇಂದ್ರ ಸರ್ಕಾರದ ಮೇರಾ ಯುವ ಭಾರತ್ ಇದೆ. ಹದಿನೈದರಿಂದ ಇಪ್ಪತ್ತೊಂಬತ್ತು ವರ್ಷದವರು ಯಾವ ಅಧ್ಯಕ್ಷರ ಕೃಪೆಯೂ ಇಲ್ಲದೆ, ಹಣ ಕೊಡದೆ, ಮೊಬೈಲಿನಲ್ಲೇ ಹೆಸರು ನೋಂದಾಯಿಸಬಹುದು. 1972ರಲ್ಲಿ ಶುರುವಾದ ನೆಹರು ಯುವ ಕೇಂದ್ರಗಳ ಕೆಲಸ ಈಗ ಅದೇ ಹೆಸರಿನಲ್ಲಿ ನಡೆಯುತ್ತದೆ. ಅಂದಹಾಗೆ ನಮ್ಮ ಯುವಕ ಸಂಘದ ಅಧ್ಯಕ್ಷರಿಗೆ ಆಗ ನಲವತ್ತೊಂದು ವರ್ಷ.

ಊರಿನ ಕೆಲಸ ಮಾಡಬೇಕು, ಊರಿನ ಹುಡುಗರ ಜೊತೆ ಇರಬೇಕು ಎಂಬ ಆಸೆ ಇದ್ದರೆ ಸೇರಿ, ಇನ್ನೂರು ರೂಪಾಯಿ ದೊಡ್ಡದಲ್ಲ. ಕೊಡುವ ಮುಂಚೆ ನಡಾವಳಿ ಪುಸ್ತಕ, ನಗದು ಪುಸ್ತಕ ನೋಡಬೇಕೆಂದು ಕೇಳಿ. ‘ಈಗಲೇ ಲೆಕ್ಕ ಕೇಳುತ್ತಾನೆ’ ಎಂದು ಯಾರಾದರೂ ಮುಖ ಸಿಂಡರಿಸಿದರೆ ಉತ್ತರ ಸಿಕ್ಕಿತು, ಎದ್ದು ಬನ್ನಿ. ಕಮಿಟಿಗೆ ಮಾತ್ರ ಎರಡು ವರ್ಷ ಬೇಡ, ಎಷ್ಟು ಹೊಗಳಿದರೂ ಬೇಡ. ನಮ್ಮೂರಿನ ಯುವತಿ ಮಂಡಳಿಯಲ್ಲಿ ನನ್ನ ತಂಗಿ ಕಾರ್ಯದರ್ಶಿಯಾಗಿದ್ದಳು. ಬರೆದ ಠರಾವನ್ನು ಗಟ್ಟಿಯಾಗಿ ಓದಿ, ಅಲ್ಲೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿ, ಆಮೇಲೆ ಸಹಿ ಮಾಡಿಸುತ್ತಿದ್ದಳು. ಅವಳು ಓದಿದ್ದು ಪಿಯುಸಿ.

ನಾನು ಈಗ ಚಿಂತಾಮಣಿಯಲ್ಲಿ ಹನಿ ನೀರಾವರಿ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ಹೋದ ವರ್ಷ ಮಗಳ ನಾಮಕರಣಕ್ಕೆ ಅದೇ ಸಂಘದ ಶಾಮಿಯಾನ, ಕುರ್ಚಿ ತರಿಸಿದೆ. ಸಾವಿರದ ಎಂಟುನೂರು ಬಾಡಿಗೆ. ಹಣ ಕೊಟ್ಟು ರಸೀದಿ ಕೇಳಿದರೆ, ಕುರ್ಚಿ ಇಳಿಸುತ್ತಿದ್ದ ಹುಡುಗ ‘ರಸೀದಿ ಪುಸ್ತಕ ಮುಗಿದಿದೆ ಅಣ್ಣ, ಆಮೇಲೆ ಬರೆದುಕೊಡುತ್ತೇನೆ’ ಎಂದ. ‘ನೀನು ಸಂಘದಲ್ಲಿ ಏನು?’ ಎಂದು ಕೇಳಿದೆ. ‘ಖಜಾಂಚಿ’ ಎಂದ. ಅವನನ್ನು ಊಟಕ್ಕೆ ಕೂರಿಸಿಕೊಂಡು, ಹೋಳಿಗೆ ಬಡಿಸಿ, ಇಲ್ಲಿ ಬರೆದದ್ದನ್ನೆಲ್ಲ ಅವನಿಗೂ ಹೇಳಿದೆ.