ಸ್ಪೀಕರ್ ಜಾಗ ಬದಲಿಸಿ, ಸಂಗೀತ ಕಛೇರಿ ಎದುರಿಗೇ ಕೂರುತ್ತದೆ

ಪ್ರಶ್ನೆ: ನಮ್ಮ ಆರ್‌ಸಿಸಿ ಮನೆಯ ಹಾಲ್ 10 ಅಡಿ ಅಗಲ, 12 ಅಡಿ ಉದ್ದ. ಸ್ಪೀಕರ್‌ಗಳು ಶೋಕೇಸಿನಲ್ಲಿವೆ. ಹಿಂದೂಸ್ತಾನಿ ಗಾಯನ ಹಾಕಿದರೆ ತಬಲಾದ ಎಡ (ತಗ್ಗಿನ ಸ್ವರದ ಡಗ್ಗಾ) ಗುಂಯ್‌ಗುಡುತ್ತದೆ, ಗಾಯಕರು ಎದುರಿಗಿದ್ದಾರೆ ಅನಿಸುವುದಿಲ್ಲ. ಹೊಸ ಆಂಪ್ಲಿಫೈಯರ್ ಬೇಕೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸದ್ಯಕ್ಕೆ ಬೇಡ, ದುಡ್ಡು ಉಳಿಸಿ. ಗೋಡೆ, ಮೂಲೆಗೆ ಒತ್ತಿಟ್ಟ ಸ್ಪೀಕರಿನಲ್ಲಿ ತಗ್ಗಿನ ಸ್ವರ ಊದಿಕೊಳ್ಳುತ್ತದೆ. ಎಡ ಗುಂಯ್‌ಗುಡುವುದು ಅದಕ್ಕೇ. 10 ಅಡಿಯ ಗೋಡೆಯ ಮುಂದೆ, ಗೋಡೆಯಿಂದ 2 ಅಡಿ ಬಿಟ್ಟು, ಸ್ಟ್ಯಾಂಡ್ ಮೇಲಿಡಿ. ಎರಡರ ನಡುವೆ 6 ಅಡಿ, ಪ್ರತಿಯೊಂದರಿಂದ ನಿಮ್ಮ ತಲೆಗೂ 6 ಅಡಿ. ಟ್ವೀಟರ್ (ಸ್ಪೀಕರಿನಲ್ಲಿ ಏರು ಸ್ವರ ಹೊರಡಿಸುವ ಚಿಕ್ಕ ಭಾಗ) ಕಿವಿಯ ಮಟ್ಟಕ್ಕಿರಲಿ. ಚಾಪೆ ಮೇಲೆ ಕೂತು ಕೇಳುವವರಾದರೆ ಗಿಡ್ಡ ಸ್ಟ್ಯಾಂಡ್.

ಈಗ ಹಳೆಯ ಮೋನೊ ಧ್ವನಿಮುದ್ರಣ (ಎರಡೂ ಸ್ಪೀಕರಿನಲ್ಲಿ ಒಂದೇ ದನಿ ಬರುವಂಥದ್ದು) ಹಾಕಿ. ದನಿ ನಡುವಿನ ಖಾಲಿ ಜಾಗದಿಂದಲೇ ಬರಬೇಕು. ಚದುರಿದಂತೆ, ಬಾಸ್ ಸೊರಗಿದಂತೆ ಕೇಳಿದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ವೈರ್ ಅದಲುಬದಲಾಗಿದೆ. ಆಂಪ್ಲಿಫೈಯರ್ ಆಫ್ ಮಾಡಿ, ಸರಿಪಡಿಸಿ.

ಆಮೇಲೆ ಕನ್ನಡಿ. ನೀವು ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಕಡೆ ದನಿ ಗೋಡೆಗೆ ಬಡಿದು ನಿಮ್ಮತ್ತ ಮರಳುತ್ತದೆ. ಅಲ್ಲಿ, ಗೋಡೆಯಿಂದ 2 ಇಂಚು ಬಿಟ್ಟು, ನಿಮ್ಮ ಚಳ್ಳಕೆರೆ ಕಡೆಯ ದಪ್ಪ ಕಂಬಳಿಯನ್ನು ಮಡಚಿ ತೂಗುಹಾಕಿ. ಗೋಡೆಯನ್ನೆಲ್ಲ ಮುಚ್ಚಬೇಡಿ, ತಂಬೂರಿಯ ಜವಾರಿ (ತಂತಿಯ ಝೇಂಕಾರ) ಸತ್ತುಹೋಗುತ್ತದೆ.